ಕಾರು ಒರೆಸುವ ಬಟ್ಟೆ

ನಿಮ್ಮ ಮನೆಯಲ್ಲಿ ಕಾರು ಒರೆಸುವ ಬಟ್ಟೆ ಯಾವುದು? ಹರಿದ ಬನಿಯನ್ನೇ, ಅಬ್ಬಾ ಉಟ್ಟು ಬಿಟ್ಟ ಲುಂಗಿಯೇ ಅಥವಾ ಬಣ್ಣ ಹೋದ ದುಪಟ್ಟಾವೇ? ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಮಗಳ ನಿಕಾಹ್ ಆಗುವವರೆಗೆ ಅದರ ಬಗ್ಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ನಮ್ಮದು ಸಿಂದಗಿ. ಮಗಳನ್ನು ಕೊಟ್ಟದ್ದು ಇಂಡಿಗೆ. ಅವಳನ್ನು ಕಳುಹಿಸಿಕೊಡಲು ಮುದ್ದೇಬಿಹಾಳದಲ್ಲಿರುವ ನನ್ನ ಭಾಯಿಜಾನ್ ತಮ್ಮ ಕಾರು ತಂದಿದ್ದರು. ಕಡು ನೀಲಿ ಬಣ್ಣದ ಗಾಡಿ. ಅದನ್ನು ಬಾಡಿಗೆಗೆ ಓಡಿಸಿಯೇ ಅವರ ಮನೆ ನಡೆಯುತ್ತದೆ. ಮದುವೆಯ ದಿನ ಬೆಳಿಗ್ಗೆ ನನ್ನ ಚಿಕ್ಕ ಮಗ ಮಾಮುವಿನ ಕಾರನ್ನು ಹೊಳೆಯುವಂತೆ ಮಾಡುತ್ತೇನೆಂದು ಎದ್ದವನೇ ಒಂದು ಬಕೆಟ್ ಬೋರ್ ನೀರು, ಬಟ್ಟೆ ಒಗೆಯುವ ಪುಡಿ ಮತ್ತು ಅಂಗಳದ ತಂತಿಯ ಮೇಲಿದ್ದ ಹಳೆಯ ಟರ್ಕಿ ಟವೆಲ್ ತೆಗೆದುಕೊಂಡು ಹೋದ. ಮಧ್ಯದಲ್ಲಿ ಟವೆಲ್ ಎರಡು ಸಲ ನೆಲಕ್ಕೆ ಬಿದ್ದಿತ್ತಂತೆ. ಕೊಡವಿ ಮತ್ತೆ ಒರೆಸಿದ್ದಾನೆ. ಹೂವಿನ ಹಾರ ಹಾಕಿದಾಗ ಏನೂ ಕಾಣಲಿಲ್ಲ. ಮರುದಿನ ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ ತುಂಬ ಜೇಡನ ಬಲೆಯಂತೆ ಸಣ್ಣ ಸಣ್ಣ ಸುತ್ತು ಗೀರುಗಳು, ನಡುನಡುವೆ ಬಿಳಿಯ ಉಂಗುರಗಳು. ಭಾಯಿಜಾನ್ ಒಂದು ಮಾತೂ ಆಡಲಿಲ್ಲ. ಬಾನೆಟ್ ಮೇಲೆ ಒಮ್ಮೆ ಕೈ ಆಡಿಸಿ ಗಾಡಿ ಹತ್ತಿದರು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಬಸವನ ಬಾಗೇವಾಡಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ, ಪಾಲಿಶ್ ಮಾಡುವ ಹಿರಿಯರೊಬ್ಬರಿದ್ದಾರೆ. ಖರ್ಚು ನಾನೇ ಕೊಡುತ್ತೇನೆಂದು ಹಟ ಹಿಡಿದು ಮಗನನ್ನೂ ಕರೆದುಕೊಂಡು ಅಲ್ಲಿಗೆ ಹೋದೆ. ಅವರು ಬಾನೆಟ್ಟನ್ನು ನೋಡುವ ಮೊದಲು, "ಒರೆಸಿದ ಅರಿವಿ ಎಲ್ಲೈತ್ರಿ?" ಎಂದು ಕೇಳಿದರು. ಟವೆಲ್ ಡಿಕ್ಕಿಯಲ್ಲೇ ಇತ್ತು. ಅದನ್ನು ಮುಟ್ಟಿ ನೋಡಿ, "ತಂಗೀ, ಇದು ಹಪ್ಪಳ ಆಗೇದವಾ" ಎಂದರು.

ನಮ್ಮ ನೆಲದಡಿ ಇರುವುದು ಕಪ್ಪು ಬಂಡೆ. ಬೋರಿನ ನೀರು ಗಡಸು, ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಅಂಥ ನೀರಿನಲ್ಲಿ ವರ್ಷಗಟ್ಟಲೆ ಒಗೆದ ಟವೆಲಿನ ಎಳೆಗಳಲ್ಲಿ ಸುಣ್ಣ ಕುಳಿತು ಅದು ಸೆಟೆದುಕೊಳ್ಳುತ್ತದೆ, ನೀರನ್ನೂ ಸರಿಯಾಗಿ ಹೀರುವುದಿಲ್ಲ. ಒರೆಸದೆ ಉಳಿದ ಹನಿ ಬಿಸಿಲಿಗೆ ಆರಿದರೆ ನೀರು ಹೋಗಿ ಸುಣ್ಣ ಉಳಿಯುತ್ತದೆ. ಬಿಳಿಯ ಉಂಗುರ ಎಂದರೆ ಇದೇ. ಇನ್ನು ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರದ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟು. ಟವೆಲಿಗೆ ಅಂಟಿದ ಮರಳಿನ ಕಣ ಅದನ್ನು ಗೀರುವುದು ಕಷ್ಟವೇನಲ್ಲ. ಪಾಲಿಶ್ ಮಾಡಿದರೆ ಗೀರು ಮಾಯವಾಗುತ್ತದಲ್ಲ ಎನ್ನುವಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಪಾಲಿಶ್ ಎಂದರೆ ಗೀರಿನ ಆಳದವರೆಗೆ ಆ ತೆಳು ಪದರವನ್ನು ಸವೆಸುವುದು. ಪ್ರತಿ ಸಲವೂ ಪದರ ಇನ್ನಷ್ಟು ತೆಳುವಾಗುತ್ತದೆ.

ಹಾಗಾದರೆ ಟರ್ಕಿ ಟವೆಲ್ ಕೆಟ್ಟದ್ದೇ? ಇಲ್ಲ, ಅದಕ್ಕೆ ಅಂಥ ಅಪವಾದ ಬೇಡ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ಪ್ರವಾಸಿ ತುರ್ಕಿಯಲ್ಲಿ ಈ ಕುಣಿಕೆ ನೇಯ್ಗೆಯ ಬಟ್ಟೆಯನ್ನು ಕಂಡು ಊರಿಗೆ ಒಯ್ದ. ಅದನ್ನು ಯಂತ್ರದಲ್ಲಿ ನೇಯ್ದು 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಡಲಾಯಿತು. ನಾವಿಂದು ಟರ್ಕಿ ಟವೆಲ್ ಎನ್ನುವುದರ ಹಿಂದೆ ಈ ಕಥೆಯಿದೆ. ನಮ್ಮ ಪಕ್ಕದ ಸೊಲ್ಲಾಪುರದ ಟರ್ಕಿ ಟವೆಲಿಗೆ ಅಲ್ಲಿನ ಚಾದರದಂತೆಯೇ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹೊಸದನ್ನು ಎರಡು ಮೂರು ಸಲ ಒಗೆದ ಮೇಲೆ ಉಪಯೋಗಿಸಿ. ಅಂಗಡಿಯ ಮೆರುಗು ಹೋಗುವವರೆಗೆ ಅದು ನೀರು ಕುಡಿಯುವುದಿಲ್ಲ. ಬಿಳಿ ಅಥವಾ ಬೆಳ್ಳಿ ಬಣ್ಣದ ಗಾಡಿಗೆ ಅದೇ ಸಾಕು. ಒಂದೇ ತೊಂದರೆ, ನೂಲಿನ ದೂಳು ಗಾಜಿಗೆ ಅಂಟುತ್ತದೆ.

ಕಪ್ಪು, ನೀಲಿ, ಕೆಂಪು ಗಾಡಿಯಾದರೆ ಮೈಕ್ರೋಫೈಬರ್ ಟವೆಲ್ ಕೊಳ್ಳುವುದೇ ಲೇಸು. ಹೆಸರು ಕೇಳಿ ಹೆದರಬೇಡಿ. ಇದು ಪಾಲಿಯೆಸ್ಟರ್ ಮತ್ತು ನೈಲಾನ್ ಜಾತಿಯ ಎಳೆಗಳದ್ದು. ಅತಿ ನವಿರಾದ ಇಂಥ ಎಳೆಯ ಬಟ್ಟೆಯನ್ನು 1970ರಲ್ಲಿ ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಾಮೊಟೊ ಸಿದ್ಧಪಡಿಸಿದರು. ಒಂಬತ್ತು ಕಿಲೋಮೀಟರ್ ಉದ್ದದ ಎಳೆ ಒಂದು ಗ್ರಾಮಿಗಿಂತಲೂ ಕಡಿಮೆ ತೂಗುತ್ತದೆ ಎಂದರೆ ಎಷ್ಟು ನವಿರೆಂದು ಲೆಕ್ಕ ಹಾಕಿ. ಎಳೆಯನ್ನು ಉದ್ದಕ್ಕೆ ಸೀಳಿರುವುದರಿಂದ ಆ ಸೀಳುಗಳಲ್ಲಿ ನೀರು ನಿಲ್ಲುತ್ತದೆ, ದೂಳೂ ಒಳಗೆ ಸೇರಿಕೊಳ್ಳುತ್ತದೆ.

ಕೊಳ್ಳುವಾಗ ಚೀಟಿಯ ಮೇಲೆ ಜಿಎಸ್ಎಂ ಎಂಬ ಅಂಕಿ ನೋಡಿ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಮ್ ತೂಗುತ್ತದೆಂಬ ಲೆಕ್ಕ ಅದು. 300ರ ಆಸುಪಾಸಿನದು ಒಳಗಿನ ದೂಳು ಒರೆಸಲು, ಗಾಜಿಗೆ ಸರಿ. ತೊಳೆದ ಗಾಡಿಯ ನೀರು ಹೀರಲು 500ಕ್ಕಿಂತ ಹೆಚ್ಚಿನದು ಬೇಕು. ಅಂಚು ಒರಟಾದ ದಾರದಿಂದ ಹೊಲಿದಿದ್ದರೆ ಬೇಡ. ಮೂಲೆಯ ಚೀಟಿಯನ್ನು ಕತ್ತರಿಸಿ ಎಸೆಯಿರಿ, ಅದೂ ಗೀರುತ್ತದೆ. ಟವೆಲಿನ ಮೇಲೆ ಅನುಮಾನವಿದ್ದರೆ ಬಾಗೇವಾಡಿಯ ಹಿರಿಯರು ಹೇಳಿದ ಉಪಾಯ ಮಾಡಿ: ಮನೆಯಲ್ಲಿ ಬೇಡವಾದ ಹಳೆಯ ಸಿ.ಡಿ. ಇದ್ದರೆ ಅದರ ಹೊಳೆಯುವ ಬದಿಯನ್ನು ಟವೆಲಿನ ಬಟ್ಟೆಯಿಂದಲೂ ಅಂಚಿನಿಂದಲೂ ಉಜ್ಜಿ ಬೆಳಕಿಗೆ ಹಿಡಿಯಿರಿ. ಗೀರು ಕಂಡರೆ ಆ ಟವೆಲ್ ಚಕ್ರ ಒರೆಸಲು ಇರಲಿ. ತೊಗಲಿನ ಶಾಮೋಯಿ, ಅದರ ಹೆಸರಿನಲ್ಲಿ ಡಬ್ಬಿಯಲ್ಲಿ ಬರುವ ರಬ್ಬರಿನಂಥ ಬಟ್ಟೆ, ಇವೂ ನೀರು ಹೀರುತ್ತವೆ. ಆದರೆ ಅವು ನುಣುಪು. ಮಣ್ಣಿನ ಕಣಕ್ಕೆ ಒಳಗೆ ಹೋಗಲು ಜಾಗವಿಲ್ಲ. ನಮ್ಮ ಕಡೆಯ ದೂಳಿಗೆ ನಾನು ಅವನ್ನು ಹೇಳಲಾರೆ.

ಒರೆಸುವ ಕ್ರಮ ಟವೆಲಿನಷ್ಟೇ ಮುಖ್ಯ. ಬೆಳಗಿನ ತಂಪಿನಲ್ಲಿ ಅಥವಾ ಅಸರ್ ಕಳೆದು ಬಿಸಿಲು ಇಳಿದ ಮೇಲೆ ನೆರಳಿನಲ್ಲಿ ತೊಳೆಯಿರಿ. ಮೊದಲು ಬರೀ ನೀರು ಹಾಕಿ ಮಣ್ಣು ಜಾರಿ ಹೋಗಲಿ. ಬಟ್ಟೆ ಒಗೆಯುವ ಪುಡಿ ಮೇಣದ ಮೆರುಗನ್ನು ತೆಗೆಯುತ್ತದೆ, ಗಾಡಿಗೆಂದೇ ಬರುವ ಶಾಂಪೂ ಒಳ್ಳೆಯದು. ಆಮೇಲೆ ಟವೆಲನ್ನು ಬಾನೆಟ್ ಮೇಲೆ ಹಾಸಿ ಮೆಲ್ಲಗೆ ಒತ್ತಿ ಅಥವಾ ಎರಡು ಮೂಲೆ ಹಿಡಿದು ನಿಮ್ಮತ್ತ ಎಳೆಯಿರಿ. ಗೋಲಾಕಾರವಾಗಿ ಉಜ್ಜಬಾರದು. ಮೊದಲು ಮೇಲ್ಛಾವಣಿ ಮತ್ತು ಗಾಜು, ಕೊನೆಗೆ ಬಾಗಿಲಿನ ಕೆಳಭಾಗ. ಚಕ್ರಕ್ಕೆ ಬೇರೆಯೇ ಬಟ್ಟೆ. ಟವೆಲ್ ನೆಲಕ್ಕೆ ಬಿದ್ದರೆ ಆ ದಿನ ಅದು ಮುಗಿಯಿತು, ಬೇರೆ ತೆಗೆದುಕೊಳ್ಳಿ. ನೀರು ಉಳಿಸಬೇಕೆಂದರೆ ಪೈಪು ಬಿಟ್ಟು ಎರಡು ಬಕೆಟ್ ಇಟ್ಟುಕೊಳ್ಳಿ. ಕಾಲುವೆಗೆ ಇಳಿಸಿ ತೊಳೆಯುವುದು ಮಾತ್ರ ಬೇಡ. ಗಾಡಿಯ ಎಣ್ಣೆ ಬೆರೆತ ನೀರನ್ನು ಮುಂದಿನ ಊರಿನ ದನಕರುಗಳು ಕುಡಿಯುತ್ತವೆ.

ಮೈಕ್ರೋಫೈಬರನ್ನು ಹತ್ತಿ ಬಟ್ಟೆಯ ಜೊತೆ ಒಗೆಯಬೇಡಿ. ಹತ್ತಿಯ ದೂಳು ಅದಕ್ಕೆ ಅಂಟಿಕೊಂಡರೆ ಬಿಡದು. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್, ಕುದಿಯುವ ನೀರು, ಇಸ್ತ್ರಿ ಮೂರೂ ಅದಕ್ಕೆ ವಿಷ. ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡಿ.

ಇಂಡಿಯ ಬೀಗರು ಒಂದು ಬುಟ್ಟಿ ಲಿಂಬೆ ಕಳುಹಿಸಿದ್ದರು. ಆ ಬಿಳಿ ಉಂಗುರಗಳಿಗೆ ಲಿಂಬೆ ಉಜ್ಜಲೇ ಎಂದು ಮಗ ಕೇಳಿದ. ಹುಳಿಗೆ ಸುಣ್ಣ ಕರಗುವುದು ನಿಜ. ಗಾಜಿನ ಮೇಲಾದರೆ ನೀರು ಬೆರೆಸಿ ಹಚ್ಚಿ ಕೂಡಲೇ ತೊಳೆಯಬಹುದು. ಬಣ್ಣದ ಮೇಲೆ ಬೇಡ ಎಂದೆ.

ಪಾಲಿಶ್ ಆದ ಮೇಲೆ ಮುಕ್ಕಾಲು ಪಾಲು ಗೀರು ಹೋಯಿತು. ಆಳದ ನಾಲ್ಕಾರು ಹಾಗೆಯೇ ಉಳಿದವು. ಭಾಯಿಜಾನ್ ಹಣ ಮುಟ್ಟಲಿಲ್ಲ, ಖರ್ಚನ್ನು ತಾವೇ ಕೊಟ್ಟುಬಿಟ್ಟಿದ್ದರು. ಕೊನೆಗೆ ಎರಡು ದಪ್ಪ ಟವೆಲ್ ಕೊಂಡು ಮಗನ ಕೈಯಲ್ಲೇ ಮುದ್ದೇಬಿಹಾಳಕ್ಕೆ ಕಳುಹಿಸಿದೆ. ಅವನು ಅಲ್ಲಿ ಮಾಮುವಿನ ಎದುರು ನಿಂತು ಗಾಡಿ ತೊಳೆದು, ಒರೆಸಿ ತೋರಿಸಿ ಬಂದಿದ್ದಾನೆ. ಮೊನ್ನೆ ಫೋನ್ ಮಾಡಿದಾಗ ಭಾಬಿ, "ಒಂದನ್ನ ನಾನು ಕಪಾಟಿನ ಕನ್ನಡಿಗೆ ಇಟ್ಕೊಂಡೀನಿ, ನಿಮ್ಮ ಅಣ್ಣಗ ಹೇಳಬ್ಯಾಡ್ರಿ" ಎಂದರು. ಇನ್ನೊಂದು ಕೊಂಡು ಕಳುಹಿಸಬೇಕು.