ಪರಸ್ಥಳದಲ್ಲಿ ರೋಗಶಯ್ಯೆ

ರೋಗವು ಎಲ್ಲರಿಗೂ ಬರುವುದು. ಆದರೆ ಅದರ ಭಾರವು ಎಲ್ಲರಿಗೂ ಸಮನಾಗಿರುವುದಿಲ್ಲ. ಸಂಬಳಗಾರನು ಹಾಸಿಗೆ ಹಿಡಿದರೆ ಅವನ ಕಚೇರಿಯು ಮುಚ್ಚುವುದಿಲ್ಲ. ಬೇಸಾಯಗಾರನು ಮಲಗಿದರೆ ಅಣ್ಣತಮ್ಮಂದಿರು ನೇಗಿಲನ್ನು ಹಿಡಿಯುವುದುಂಟು. ಹುಟ್ಟಿದೂರನ್ನು ಬಿಟ್ಟು ಬಂದು ಪರಸ್ಥಳದಲ್ಲಿ ಚಿಕ್ಕ ಅಂಗಡಿಯನ್ನಿಟ್ಟುಕೊಂಡವನ ಸ್ಥಿತಿಯಾದರೋ ಬೇರೆ. ಅವನು ಮಲಗಿದ ದಿವಸವೇ ಅವನ ಅಂಗಡಿಯೂ ಮಲಗುವುದು. ಬಾಡಿಗೆ ಮಾತ್ರ ಮಲಗುವುದಿಲ್ಲ. ಗಿರಾಕಿಗಳು ನಾಲ್ಕು ದಿನ ಮುಚ್ಚಿದ ಬಾಗಿಲನ್ನು ಕಂಡು ಐದನೆಯ ದಿನ ಬೇರೆ ಅಂಗಡಿಯ ಮೆಟ್ಟಿಲನ್ನೇರುವರು. ಇಂಥವನಿಗೆ ನೆರೆಯವರು ಆಸರೆಯಾಗುವುದು ಹೇಗೆ? ಅಮೆರಿಕದ ಬಡ ವಲಸೆಗಾರರು ನಡೆಸಿ ತೋರಿಸಿದ ಒಂದು ಏರ್ಪಾಟನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

1881ರಿಂದ 1924ರವರೆಗೆ ರಷ್ಯಾ, ಪೋಲೆಂಡ್, ರುಮೇನಿಯಾ ಮೊದಲಾದ ಸೀಮೆಗಳಿಂದ ಸುಮಾರು 20 ಲಕ್ಷ ಯೆಹೂದ್ಯರು ಬಡತನವನ್ನೂ ಹಿಂಸೆಯನ್ನೂ ತಾಳಲಾರದೆ ಅಮೆರಿಕವನ್ನು ಸೇರಿದರು. ಅವರಲ್ಲಿ ಬಹುಮಂದಿ ನ್ಯೂಯಾರ್ಕ್ ನಗರದ ಲೋಯರ್ ಈಸ್ಟ್ ಸೈಡ್ ಎಂಬ ಇಕ್ಕಟ್ಟಾದ ಭಾಗದಲ್ಲಿ ನೆಲಸಿದರು. ಕೆಲವರು ಹೊಲಿಗೆಯಿಂದ ಜೀವಿಸಿದರು. ಕೆಲವರು ಹೆಸ್ಟರ್ ಬೀದಿಯಲ್ಲಿಯೂ ಆರ್ಚರ್ಡ್ ಬೀದಿಯಲ್ಲಿಯೂ ತಳ್ಳುಗಾಡಿಗಳ ಮೇಲೆ ಸರಕು ಮಾರಿದರು. ನಾಲ್ಕು ಕಾಸು ಕೂಡಿಸಿದವರು ಅಂಗಡಿಯನ್ನಿಟ್ಟರು. ಗಾಳಿಬೆಳಕುಗಳಿಲ್ಲದ ಕೊಠಡಿಗಳಲ್ಲಿ ಕ್ಷಯವು ಹಬ್ಬಿ, ಅದಕ್ಕೆ ದರ್ಜಿಗಳ ರೋಗವೆಂದೇ ಹೆಸರಾಯಿತು. ಸರ್ಕಾರದ ರೋಗವಿಮೆಯು ಆಗ ಅಲ್ಲಿರಲಿಲ್ಲ.

ಒಂದೊಂದು ಊರಿನಿಂದ ಬಂದವರು ತಮ್ಮತಮ್ಮೊಳಗೆ ಒಂದೊಂದು ಸಂಘವನ್ನು ಕಟ್ಟಿಕೊಂಡರು. ಇವಕ್ಕೆ ಅವರ ಯಿಡ್ಡಿಷ್ ಭಾಷೆಯಲ್ಲಿ ‘ಲಾಂಡ್ಸ್‌ಮನ್‌ಶಾಫ್ಟ್’ ಎಂದು ಹೆಸರು. ಸ್ವಸ್ಥಳದವರ ಕೂಟವೆಂದು ತಾತ್ಪರ್ಯ. ಇಂಥ ಕೂಟಗಳು ಸಾವಿರಾರು ಹುಟ್ಟಿದವು. ಆರೋಗ್ಯವಾಗಿರುವಾಗ ಸದಸ್ಯನು ಸಣ್ಣ ವಂತಿಗೆಯನ್ನು ತಪ್ಪದೆ ಸಲ್ಲಿಸುತ್ತಿದ್ದನು. ಸಂಘವು ತಲೆಗೆ ಇಷ್ಟೆಂದು ಗೊತ್ತುಮಾಡಿ ಒಬ್ಬ ವೈದ್ಯನನ್ನು ನೇಮಿಸುತ್ತಿತ್ತು. ಹಾಸಿಗೆ ಹಿಡಿದವನಿಗೆ ನಿಯಮಿತ ವಾರಗಳವರೆಗೆ ವಾರಕ್ಕಿಷ್ಟು ಡಾಲರುಗಳನ್ನು ಕೊಡುತ್ತಿತ್ತು. ಅಂತ್ಯಸಂಸ್ಕಾರಕ್ಕೆ ಭೂಮಿಯನ್ನೂ ಒದಗಿಸುತ್ತಿತ್ತು. ರೋಗಿಗಳನ್ನು ನೋಡಿಬರುವುದಕ್ಕೆಂದೇ ಸದಸ್ಯರಿಂದ ಕೆಲವರನ್ನು ಆರಿಸುತ್ತಿದ್ದರು. ರೋಗವು ನಿಜವೇ ಎಂದು ವಿಚಾರಿಸುವುದೂ, ಹತ್ತಿರ ಕುಳಿತು ಸ್ವಂತ ಭಾಷೆಯಲ್ಲಿ ಸಮಾಧಾನ ಹೇಳುವುದೂ ಅವರ ಕರ್ತವ್ಯವಾಗಿತ್ತು.

ಆದರೆ ವಾರದ ಹಣದಿಂದ ಹೊಟ್ಟೆ ನಡೆದೀತೇ ಹೊರತು ನಿಂತ ವ್ಯಾಪಾರವು ಮರಳಿ ನಡೆಯಲಾರದು. ಇದಕ್ಕೆ ಬೇರೊಂದು ಉಪಾಯವಿತ್ತು. 1892ರಲ್ಲಿ ಕೆಲವರು ಸೇರಿ 95 ಡಾಲರುಗಳ ಮೂಲಧನದಿಂದ ‘ಹೀಬ್ರೂ ಫ್ರೀ ಲೋನ್ ಸೊಸೈಟಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೂಡದೆಂಬುದು ಅವರ ಧರ್ಮಗ್ರಂಥದ ವಿಧಿ. ಅದರಂತೆ, ಒಡವೆಯನ್ನು ಅಡವಿಡಿಸಿಕೊಳ್ಳದೆ, ಹೊಣೆಗಾರರ ರುಜುವಿನ ಮೇಲೆ ಬಡ್ಡಿಯಿಲ್ಲದ ಸಾಲವನ್ನು ಕೊಟ್ಟರು. ಕೊಟ್ಟ ಹಣವು ಬಹುತೇಕ ಪೂರ್ತಿಯಾಗಿ ಮರಳಿ ಬಂದಿತು. ಆ ಸಂಸ್ಥೆಯು ಇಂದಿಗೂ ಸಾಲ ಕೊಡುತ್ತಿರುವುದು.

ಕ್ಷಯರೋಗವು ವಾರಗಳಲ್ಲಿ ಮುಗಿಯತಕ್ಕುದಲ್ಲ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯುವ ತನಕ ತಿಂಗಳುಗಟ್ಟಲೆ ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಕರವಾದ ಆಹಾರ ಇವೇ ಚಿಕಿತ್ಸೆ. ಬೆಟ್ಟದ ಹವೆಗೆ ಪ್ರಸಿದ್ಧವಾದ ಡೆನ್ವರ್ ನಗರದಲ್ಲಿ 1899ರಲ್ಲಿ ಯೆಹೂದ್ಯರು ತೆರೆದ ಧರ್ಮಾಸ್ಪತ್ರೆಯು ಮೊದಮೊದಲು ಗುಣವಾಗುವ ಭರವಸೆಯಿದ್ದವರನ್ನೇ ಸೇರಿಸಿಕೊಳ್ಳುತ್ತಿತ್ತು. ಕೈಮೀರಿದವರು ಎಲ್ಲಿಗೆ ಹೋಗಬೇಕು? 1904ರಲ್ಲಿ ಅದೇ ಊರಿನಲ್ಲಿ ಪೂರ್ವ ಯೂರೋಪಿನಿಂದ ಬಂದಿದ್ದ ಸಾಮಾನ್ಯರು, ಅವರಲ್ಲಿ ಸ್ವತಃ ಕ್ಷಯಪೀಡಿತರೂ ಇದ್ದರು, ಬೇರೊಂದು ಸಂಘವನ್ನು ಕಟ್ಟಿ ಯಾವ ಅವಸ್ಥೆಯ ರೋಗಿಯನ್ನಾದರೂ ಬರಮಾಡಿಕೊಂಡರು.

ಈ ವೃತ್ತಾಂತದಲ್ಲಿ ನಮ್ಮ ಮನಸ್ಸಿಗೆ ಹಿಡಿದದ್ದು ಹಣದ ಮೊತ್ತವಲ್ಲ. ದೇಶ, ಕಾಲ, ಪಾತ್ರಗಳನ್ನರಿತು, ಪ್ರತ್ಯುಪಕಾರವನ್ನು ಬಯಸದೆ ಕೊಟ್ಟುದೇ ಸಾತ್ತ್ವಿಕ ದಾನವೆಂದು ಗೀತೆಯ ಹದಿನೇಳನೆಯ ಅಧ್ಯಾಯವು ಹೇಳುವುದು. ಅದು ಕೊಡುವವನ ಧರ್ಮ. ತೆಗೆದುಕೊಳ್ಳುವವನ ಮಾನದ ಮಾತೇನು? ಆ ಸಂಘದ ರೋಗಿಯು ಕೈಯೊಡ್ಡಬೇಕಾಗಿರಲಿಲ್ಲ. ನೆನ್ನೆ ತಾನು ಇನ್ನೊಬ್ಬನಿಗಾಗಿ ಕೊಟ್ಟುದು ಇಂದು ತನ್ನ ಹಾಸಿಗೆಯ ಬಳಿಗೆ ಬರುತ್ತಿತ್ತು. ಈಗ ರೋಗಿಯ ಚಿತ್ರವನ್ನು ದೂರವಾಣಿಯಲ್ಲಿ ಊರೆಲ್ಲಾ ಹರಡಿ ಹಣ ಕೂಡಿಸುವ ಪದ್ಧತಿಯು ಬೆಳೆದಿದೆ. ಅದೂ ಉಪಕಾರವೇ, ಆದರೆ ಹತ್ತು ಜನರ ಪರಿಚಯವಿದ್ದವನಿಗೆ ಅದರಿಂದ ಹಣ ಬರುವುದು, ಪರಿಚಯವಿಲ್ಲದವನಿಗೆ ಬಾರದು. ಪರಸ್ಥಳದವನಿಗೆ ಕಡಮೆಯಾಗಿರುವುದು ಪರಿಚಯವೇ ಅಲ್ಲವೇ?

ಆ ಕೂಟಗಳು ಕಾಲಕ್ರಮದಲ್ಲಿ ಕ್ಷೀಣಿಸಿದವು. ಮಕ್ಕಳು ಆ ಬೀದಿಗಳನ್ನು ಬಿಟ್ಟರು, ವಿಮೆಗಳು ಬಂದವು. ಆದರೆ ಅವು ಕಲಿಸಿದ ಪಾಠವು ನಮ್ಮ ಬೀದಿಗೂ ಸಲ್ಲುವುದು. ರಾಜಸ್ಥಾನದಿಂದಲೋ ಕೇರಳದಿಂದಲೋ ಬಂದವನ ಅಂಗಡಿಯು ನಮ್ಮೂರುಗಳಲ್ಲಿ ಅಪೂರ್ವವಲ್ಲ. ಉಡುಪಿಯ ಕಡೆಯವರು ಮುಂಬಯಿಗೆ ಹೋಗಿ ಉಪಾಹಾರಗೃಹಗಳನ್ನಿಟ್ಟು ಬದುಕಿದುದೂ ಹೀಗೆಯೇ. ಅಂಥವನ ಬಾಗಿಲು ಎರಡು ದಿನ ಮುಚ್ಚಿದ್ದರೆ ಗೃಹಸ್ಥರು ಹೋಗಿ ವಿಚಾರಿಸಲಿ. ಅವನ ಪತ್ನಿಯು ಅಂಗಡಿಯಲ್ಲಿ ಕುಳಿತರೆ, ಸರಕು ಸ್ವಲ್ಪ ಕಡಮೆಯಾಗಿದ್ದರೂ ಅಲ್ಲಿಯೇ ಕೊಳ್ಳಲಿ. ಬೀದಿಯವರು ಕೂಡಿ ಒಂದು ತಿಂಗಳ ಬಾಡಿಗೆಯನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡಲಿ. ಇವೆಲ್ಲಕ್ಕೂ ಮೊದಲು ಆ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ನಿಂತಿರುವ ಬಾಕಿಯನ್ನು ತೀರಿಸಿಬಿಡಲಿ. ಅದು ದಾನವಲ್ಲ, ಋಣ. ಆದರೂ ರೋಗಿಯ ಮನೆಗೆ ಅದಕ್ಕಿಂತ ಶೀಘ್ರವಾದ ಔಷಧವಿರಲಾರದು.