ನಕ್ಷೆಗೆ ನಾಲ್ಕನೇ ಫೋಟೊ ಬೇಕು

ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಡಿ ಮಾಡಿದ ಹೊಲದ ದಾರಿಯೊಂದನ್ನು ಮಳೆಗಾಲ ಮುಗಿದ ಮೇಲೆ ನಡೆದು ನೋಡಿದೆವು. ಹಳ್ಳ ದಾಟುವಲ್ಲಿ ಗರಸು ಕೊಚ್ಚಿಹೋಗಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು. ಗಾಡಿಯೂ ಹೋಗದು, ಟ್ರ್ಯಾಕ್ಟರೂ ಹೋಗದು. ಮೆಕ್ಕೆಜೋಳದ ಚೀಲಗಳು ಹೆಂಗಸರ ತಲೆ ಮೇಲೆ ಬರುತ್ತಿದ್ದವು. ಅಲ್ಲೇ ನಿಂತು ಮೊಬೈಲಿನಲ್ಲಿ ನಕ್ಷೆ ತೆರೆದೆವು. ಅದೇ ಜಾಗದಲ್ಲಿ ಒಂದು ಚುಕ್ಕೆ, ಒಂದು ಚೆಂದದ ಫೋಟೊ. ನಕ್ಷೆಯ ಲೆಕ್ಕದಲ್ಲಿ ಕಾಮಗಾರಿ ಮುಗಿದಿದೆ.

ನಕ್ಷೆ ಸುಳ್ಳು ಹೇಳುತ್ತಿಲ್ಲ. ಅದು ಅರ್ಧಕ್ಕೇ ಮಾತು ನಿಲ್ಲಿಸಿದೆ. ಉದ್ಯೋಗ ಖಾತ್ರಿಯ ಕಾಮಗಾರಿಗಳನ್ನು ಇಸ್ರೊದ 'ಭುವನ್' ನಕ್ಷೆಯಲ್ಲಿ ಗುರುತಿಸುವ ಕೆಲಸ ಶುರುವಾದದ್ದು 2016ರಲ್ಲಿ. 2017ರ ನವೆಂಬರ್‌ನಿಂದ ಮೂರು ಹಂತದ ಫೋಟೊ ಬಂತು: ಕೆಲಸಕ್ಕೆ ಮೊದಲು, ನಡೆಯುವಾಗ, ಮುಗಿದ ಮೇಲೆ. ಮೂರನೆಯದು ಏರಿದರೆ ಕಡತ ಮುಚ್ಚಿತು. ಒಂದು ಮಳೆ ಕಂಡ ಮೇಲೆ ದಾರಿ ಉಳಿದಿದೆಯೇ, ಬದು ಒಡೆದಿದೆಯೇ, ಕೆರೆಯ ಕಾಲುವೆಯಲ್ಲಿ ಮತ್ತೆ ಹೂಳು ತುಂಬಿದೆಯೇ ಎಂದು ಕೇಳುವ ನಾಲ್ಕನೇ ಫೋಟೊ ಇಲ್ಲ.

ನಾವು ನಕ್ಷೆಯ ವಿರೋಧಿಗಳಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಎಲ್ಲಿದೆ ಎಂದು ನೋಡಲು ಕಚೇರಿ ಅಲೆದವರ ಮಕ್ಕಳು ನಾವು. ಇಂದು 'ದಿಶಾಂಕ್' ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರ್ ಕಾಣುತ್ತದೆ. ಇದು ಸಣ್ಣ ಬದಲಾವಣೆಯಲ್ಲ.

ನಮ್ಮ ತಕರಾರು ಇರುವುದು ಕ್ಯಾಮೆರಾ ಯಾರ ಕಡೆ ತಿರುಗಿದೆ ಎಂಬುದರ ಬಗ್ಗೆ. 2023ರ ಜನವರಿ 1ರಿಂದ ಕೂಲಿಕಾರರ ಹಾಜರಾತಿಯನ್ನು ಆ್ಯಪ್‌ನಲ್ಲಿ ದಿನಕ್ಕೆ ಎರಡು ಬಾರಿ, ಸ್ಥಳದ ಗುರುತಿರುವ ಫೋಟೊ ಸಮೇತ ಹಾಕುವುದು ಕಡ್ಡಾಯವಾಯಿತು. ಅಳತೆಯ ಮಣ್ಣು ಬೇಗ ಕಡಿದು ಮುಗಿಸಿದವರೂ ಎರಡನೇ ಫೋಟೊಗೆ ಬಿಸಿಲಲ್ಲಿ ಕಾಯಬೇಕು. ಕೂಲಿಕಾರರನ್ನು ದಿನಕ್ಕೆ ಎರಡು ಸಲ ನೋಡುವ ಸರ್ಕಾರಕ್ಕೆ ಅವರೇ ಮಾಡಿದ ದಾರಿಯನ್ನು ವರ್ಷಕ್ಕೊಮ್ಮೆ ನೋಡಲು ಪುರುಸೊತ್ತಿಲ್ಲವೇ?

ಸಿಬ್ಬಂದಿ ಇಲ್ಲ ಎನ್ನುತ್ತಾರೆ. ಸಿಬ್ಬಂದಿ ಯಾಕೆ ಬೇಕು? ನಮ್ಮ ರಾಜ್ಯದಲ್ಲಿ ಕಾಯಕ ಬಂಧುಗಳಿದ್ದಾರೆ. ಅವರ ಕೈಯಲ್ಲಿ ಈಗಾಗಲೇ ಮೊಬೈಲಿದೆ, ಹಳ್ಳ ಎಲ್ಲಿ ಉಕ್ಕುತ್ತದೆ ಎಂಬುದೂ ಗೊತ್ತಿದೆ. ಮಳೆಗಾಲ ಕಳೆದ ಮೇಲೆ ಹಳೆಯ ಚುಕ್ಕೆಗಳ ಬಳಿ ಹೋಗಿ ಫೋಟೊ ತೆಗೆಯಲಿ, ಆ ದಿನದ ಕೂಲಿ ಅವರಿಗೆ ಸಿಗಲಿ. ಕೆಟ್ಟ ದಾರಿಗಳ ನಕ್ಷೆಯನ್ನು ಮುದ್ರಿಸಿ ಗ್ರಾಮಸಭೆಯ ಗೋಡೆಗೆ ಅಂಟಿಸಲಿ. ಮೊದಲು ಯಾವುದರ ದುರಸ್ತಿ ಎಂದು ಆ ದಾರಿಯಲ್ಲಿ ನಡೆಯುವವರೇ ಹೇಳಲಿ. ಯೋಜನೆಯಲ್ಲಿ ಮಾಡಿದ ಸಾರ್ವಜನಿಕ ಆಸ್ತಿಗಳ ನಿರ್ವಹಣೆಯೂ ಉದ್ಯೋಗ ಖಾತ್ರಿ ಕಾಯ್ದೆಯ ಅನುಸೂಚಿಯಲ್ಲಿದ್ದ ಕೆಲಸವೇ.

ಹೊಸ ಕಾಮಗಾರಿಗೆ ಪೂಜೆ ಇದೆ, ಬೋರ್ಡ್ ಇದೆ, ಬೋರ್ಡಿನ ಮೇಲೆ ಹೆಸರಿದೆ. ಒಂದು ಬುಟ್ಟಿ ಗರಸು ಹಾಕಿ ಕೊರಕಲು ಮುಚ್ಚಿದವರ ಹೆಸರು ಎಲ್ಲೂ ಬರುವುದಿಲ್ಲ. ಅದಕ್ಕೇ ನಕ್ಷೆಯೂ ಹೊಸದನ್ನೇ ಎಣಿಸುತ್ತಿದೆ.

ಮುಂದಿನ ಗ್ರಾಮಸಭೆಗೆ ನೀವೂ ಹೋಗಿ. 'ಪೂರ್ಣ' ಎಂದಿರುವ ಒಂದು ದಾರಿಯ ಹೆಸರು ಹೇಳಿ, ಇದು ಈಗ ಹೇಗಿದೆ ಎಂದು ಕೇಳಿ. ಉತ್ತರ ಬರದಿದ್ದರೆ ಎಲ್ಲರನ್ನೂ ಅಲ್ಲಿಗೇ ನಡೆಸಿಕೊಂಡು ಹೋಗಿ.