ಅಂಟು ಹಚ್ಚುವ ಮುನ್ನ

ವಿಜ್ಞಾನ ವಸ್ತುಪ್ರದರ್ಶನದ ಹಿಂದಿನ ಸಂಜೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ನಾಲ್ಕು ಕಾಲಿನ ಸ್ಟೂಲಿನ ಭಾಗಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕುಳಿತಿದ್ದ. ಅವನ ತಂದೆ ಮರಗೆಲಸದವರು.

ಕಾಲಿನಲ್ಲೊಂದು ಗುಳಿ, ಅಡ್ಡಪಟ್ಟಿಯ ತುದಿಯಲ್ಲೊಂದು ಗುಳಿ. ಎರಡರೊಳಗೂ ಅರ್ಧರ್ಧ ಕೂರುವಂತೆ ಬೇರೆಯೇ ಒಂದು ಮರದ ತುಂಡು. ಇದನ್ನು ಬಿಡಿ ನಾಲಿಗೆ ಎನ್ನೋಣ. ಇದೇನೂ ಹೊಸ ವಿದ್ಯೆಯಲ್ಲ. ಟರ್ಕಿಯ ಉಲುಬುರುನ್ ಬಳಿ ಸಮುದ್ರದ ತಳದಲ್ಲಿ 1982ರಲ್ಲಿ ಪತ್ತೆಯಾದ, ಸುಮಾರು 3300 ವರ್ಷ ಹಳೆಯ ಹಡಗಿನ ಹಲಗೆಗಳನ್ನೂ ಹೀಗೆಯೇ ಬಿಡಿ ನಾಲಿಗೆಗಳಿಂದ ಕೂಡಿಸಿ, ಮರದ ಮೊಳೆ ಹೊಡೆದಿದ್ದರು.

"ಸರ್, ಅಂಟು ಹಚ್ಚೋಕೆ ಮುಂಚೆ ಒಂದ್ಸಲ ಹಾಗೇ ಜೋಡಿಸಿ ನೋಡ್ತೀನಿ" ಎಂದ ಹುಡುಗ.

"ಹೊತ್ತಾಯ್ತು ಕಣೋ, ಅಳತೆ ಸರಿಯಾಗೇ ಇದೆ. ಹಚ್ಚು" ಎಂದೆ.

ಮೇಷ್ಟ್ರ ಮಾತು, ಹಚ್ಚಿದ. ಎಂಟು ಜೋಡಣೆಗಳಲ್ಲಿ ನಾಲ್ಕು ಕೂತವು. ಐದನೆಯದು ಅರ್ಧಕ್ಕೆ ನಿಂತಿತು. ಒಳಕ್ಕೆ ಹೋಗದು, ಹೊರಕ್ಕೂ ಬಾರದು. ಸುತ್ತಿಗೆಯಿಂದ ಹೊಡೆದಾಗ ಕಾಲು ಉದ್ದಕ್ಕೆ ಸೀಳಿತು.

ಏನಾಯಿತು? ಮರಗೆಲಸದ ಬಿಳಿ ಅಂಟಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ. ಆ ನೀರು ಕುಡಿದು ಮರದ ನಾರು ಉಬ್ಬುತ್ತದೆ; ಬಿಗಿಯಾಗಿದ್ದ ನಾಲಿಗೆ ಇನ್ನಷ್ಟು ಬಿಗಿಯಾಗುತ್ತದೆ. ಜೊತೆಗೆ ಗುಳಿಯ ತಳದಲ್ಲಿ ಸಿಕ್ಕಿಕೊಂಡ ಅಂಟಿಗೆ ಹೊರಬರಲು ದಾರಿಯಿಲ್ಲ. ದ್ರವವನ್ನು ಅದುಮಿ ಕುಗ್ಗಿಸಲಾಗದು. ಒತ್ತಡ ಎಲ್ಲ ದಿಕ್ಕಿಗೂ ಹರಡುತ್ತದೆ. ಪುಸ್ತಕದಲ್ಲಿ ಓದಿದ ಪಾಸ್ಕಲ್ ನಿಯಮ ಇದೇ! ವರ್ಷಗಟ್ಟಲೆ ಅದನ್ನು ಕಲಿಸಿದ ನಾನೇ ಅಂದು ಮರೆತಿದ್ದೆ.

ಮಕ್ಕಳೇ, ನೀವು ಹೀಗೆ ಮಾಡಿ. ಅಂಟಿಲ್ಲದೆ ಎಲ್ಲವನ್ನೂ ಒಮ್ಮೆ ಪೂರ್ತಿ ಜೋಡಿಸಿ. ನಾಲಿಗೆ ಕೈಯ ಒತ್ತಡಕ್ಕೆ ಒಳಹೋಗಬೇಕು. ತಲೆಕೆಳಗೆ ಹಿಡಿದರೆ ತಾನಾಗಿ ಬೀಳಬಾರದು. ಬಿಗಿಯಾದರೆ ಉಪ್ಪುಕಾಗದದಿಂದ ತುಸು ಉಜ್ಜಿ. ಸಡಿಲವಾದರೆ ಹೊಸ ನಾಲಿಗೆ ಮಾಡಿ. ಸಂದನ್ನು ಅಂಟು ತುಂಬೀತು ಎಂದುಕೊಳ್ಳಬೇಡಿ, ದಪ್ಪನೆಯ ಅಂಟಿಗೆ ಬಲ ಕಡಿಮೆ. ಎರಡು ಗುಳಿಗಳ ಒಟ್ಟು ಆಳಕ್ಕಿಂತ ನಾಲಿಗೆ ಎರಡು ಮೂರು ಮಿಲಿಮೀಟರ್ ಗಿಡ್ಡವಿರಲಿ. ಚೌಕಟ್ಟಿನ ಎರಡು ಕರ್ಣಗಳನ್ನು ಅಳೆಯಿರಿ. ಸಮವಾಗಿಲ್ಲದಿದ್ದರೆ ಅದು ಸೊಟ್ಟಗಿದೆ. ಸಮತಟ್ಟಾದ ನೆಲದಲ್ಲಿಟ್ಟು ಕುಂಟುತ್ತದೆಯೇ ನೋಡಿ. ಪ್ರತಿ ಜೋಡಿಗೂ ಪೆನ್ಸಿಲಿನಿಂದ ಸಂಖ್ಯೆ ಬರೆದು ಬಿಚ್ಚಿ. ಅಂಟು ಹಚ್ಚಿದ ಮೇಲೆ ನಿಮ್ಮ ಕೈಯಲ್ಲಿರುವುದು ಕೆಲವೇ ನಿಮಿಷ.

ಮರುದಿನ ಹುಡುಗನ ತಂದೆ ಬಂದರು. ಸೀಳಿದ ಕಾಲನ್ನು ಬೆರಳಿನಿಂದ ಸವರಿ, "ಹಾಗೇ ಕೂಡಿಸಿ ನೋಡ್ಲಿಲ್ವೇನೋ?" ಎಂದು ಮಗನನ್ನು ಕೇಳಿದರು. ಹುಡುಗ ತಲೆ ತಗ್ಗಿಸಿದ. ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ: "ಅವನು ನೋಡ್ತೀನಿ ಅಂದ. ಬೇಡ ಅಂದವನು ನಾನು."

ಪೋಷಕರೇ, ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿ ಹಿಡಿದು ಕಣ್ಣೀರಿಡುವ ತಂದೆತಾಯಿಯರನ್ನು ಕಂಡಾಗಲೆಲ್ಲ ನನಗೆ ಆ ಸ್ಟೂಲು ನೆನಪಾಗುತ್ತದೆ. ಆ ಪರೀಕ್ಷೆ ಅಂಟಿಲ್ಲದ ಜೋಡಣೆ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತೋರಿಸುವುದಷ್ಟೇ ಅದರ ಕೆಲಸ. ತಪ್ಪು ಕಂಡರೆ ಬೈಯಬೇಡಿ. ತಿದ್ದಲು ಇನ್ನೂ ಸಮಯವಿದೆ ಎಂದರ್ಥ.

ಅಂದಹಾಗೆ, ಆ ಹುಡುಗ ರಜೆಯಲ್ಲಿ ಹೊಸ ಕಾಲು ಕಡೆದು ತಂದ. ಈ ಸಲ ಅವನು ಎರಡು ಬಾರಿ ಜೋಡಿಸಿ, ಎರಡು ಬಾರಿ ಬಿಚ್ಚಿದ. ನಾನು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆ.